ಬಾಗಿಲ ಹೊರಗಿನ ಬೆಂಚು

(ಮನಃಶಾಸ್ತ್ರ ವಿಭಾಗದ ಈ ವರ್ಷದ ದತ್ತಿ ಉಪನ್ಯಾಸದ ಬರಹರೂಪ)



ಆಪ್ತ ಸಮಾಲೋಚನೆಯ ಬಗ್ಗೆ ಯಾರಾದರೂ ಮಾತಿಗೆ ನಿಂತರೆ ಸಭೆ ಕಾಯುವುದು ಕಥೆಗಾಗಿ. ‘ನನ್ನ ಹತ್ತಿರ ಒಬ್ಬಳು ಹುಡುಗಿ ಬಂದಿದ್ದಳು’ ಎಂದು ಶುರು ಮಾಡಿದರೆ ಸಾಕು, ಹಿಂದಿನ ಸಾಲಿನವರೂ ಮೊಬೈಲು ಕೆಳಗಿಟ್ಟು ಕತ್ತೆತ್ತುತ್ತಾರೆ. ಇವತ್ತು ಅಂಥ ಕಥೆ ಒಂದೂ ಇಲ್ಲ. ಹೆಸರು ಬದಲಿಸಿ ಹೇಳಬಹುದಲ್ಲ ಎನ್ನುತ್ತೀರಿ. ಮಹಾನಗರದಲ್ಲಿ ಅಷ್ಟು ಸಾಲುತ್ತದೋ ಏನೋ. ನಮ್ಮಂಥ ಊರಿನಲ್ಲಿ ‘ಬಿ.ಎಡ್. ಓದುತ್ತಿದ್ದಳು, ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತ’ ಎಂದಷ್ಟೇ ಹೇಳಿ ನೋಡಿ. ಈ ಸಭೆ ಮುಗಿದು ನೀವು ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಅದು ಯಾರ ಮನೆ, ಯಾವ ಬೀದಿ ಎಂಬುದೆಲ್ಲ ಇತ್ಯರ್ಥವಾಗಿರುತ್ತದೆ. ಆದ್ದರಿಂದ ನಾನು ಹೆಸರಿಸುವ ಪ್ರಕರಣಗಳೆಲ್ಲ ನ್ಯಾಯಾಲಯದ ತೀರ್ಪಿನಲ್ಲೋ ಅಚ್ಚಾದ ಪುಸ್ತಕದಲ್ಲೋ ಆಗಲೇ ಲೋಕದ ಎದುರು ಬಂದಿರುವಂಥವು. ಉಳಿದ ಸನ್ನಿವೇಶಗಳು ಯಾರೊಬ್ಬರವೂ ಅಲ್ಲ, ಎಲ್ಲ ಊರಿನವು.

ಈ ವೃತ್ತಿಯ ನೀತಿಸಂಹಿತೆಗಳು ಉದ್ದವಾಗಿರುತ್ತವೆ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 1953ರಲ್ಲಿ ತನ್ನ ಮೊದಲ ಸಂಹಿತೆಯನ್ನು ಹೊರತಂದಿತು; ಅಂದಿನಿಂದಲೂ ಅದನ್ನು ತಿದ್ದುತ್ತಲೇ ಇದೆ. ಅರ್ಹತೆ, ಶುಲ್ಕ, ಜಾಹೀರಾತು, ದಾಖಲೆ, ಬಂದವರೊಡನೆ ದೈಹಿಕ ಸಂಬಂಧದ ನಿಷೇಧ, ಹೀಗೆ ಪಟ್ಟಿ ಸಾಗುತ್ತದೆ. ಕೊನೆಯದರ ಬಗ್ಗೆ ಚರ್ಚಿಸಲು ಏನೂ ಇಲ್ಲ. ಮಾಡಬಾರದು, ಅಷ್ಟೆ. ಕೆಟ್ಟವರು ಕೆಟ್ಟದ್ದನ್ನು ಮಾಡುವ ಜಾಗಗಳಿಗಿಂತ ಒಳ್ಳೆಯವರೇ ದಿನಬೆಳಗಾದರೆ ಎಡವುವ ಜಾಗದ ಬಗ್ಗೆ ಮಾತಾಡುವುದು ಇಲ್ಲಿ ಕೂತಿರುವ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗಕ್ಕೆ ಬಂದೀತು. ಆ ಜಾಗ ಗೋಪ್ಯತೆ. ಬಂದವರ ಗುಟ್ಟು ಕಾಪಾಡಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಎಲ್ಲಿಯವರೆಗೆ ಕಾಪಾಡುತ್ತೇವೆ, ಎಲ್ಲಿ ಕಾಪಾಡಲಾರೆವು ಎಂಬುದನ್ನು ಅವರು ಬಾಯಿ ತೆರೆಯುವ ಮುಂಚೆ ಹೇಳುತ್ತೇವೆಯೇ? ಬಹುಪಾಲು ಹೇಳುವುದಿಲ್ಲ. ‘ಏನಿದ್ದರೂ ಹೇಳು, ಯಾರಿಗೂ ಗೊತ್ತಾಗಲ್ಲ’ ಎಂದುಬಿಡುತ್ತೇವೆ. ಅದು ನಮ್ಮ ಕೈಯಲ್ಲಿಲ್ಲದ ಭರವಸೆ.

ಈ ಭರವಸೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಜಗತ್ತಿನೆದುರು ಮೊದಲ ಬಾರಿಗೆ ಗಟ್ಟಿಯಾಗಿ ಬಂದದ್ದು ಭಾರತೀಯ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ. ಪ್ರೊಸೆನ್‌ಜಿತ್ ಪೊದ್ದಾರ್ ಎಂಬ ಬಂಗಾಳದ ಯುವಕ ಖರಗ್‌ಪುರದ ಐಐಟಿಯಲ್ಲಿ ಓದಿ, ಹಡಗು ನಿರ್ಮಾಣದ ಉನ್ನತ ವ್ಯಾಸಂಗಕ್ಕಾಗಿ 1967ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದ. ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿನಿಲಯದ ಜನಪದ ನೃತ್ಯ ತರಗತಿಯಲ್ಲಿ ತಾತಿಯಾನಾ ತಾರಾಸಾಫ್ ಎಂಬ ಹುಡುಗಿಯ ಪರಿಚಯವಾಯಿತು. ಹೊಸ ವರ್ಷದ ಹಿಂದಿನ ರಾತ್ರಿ ಅವಳು ಕೊಟ್ಟ ಒಂದು ಮುತ್ತನ್ನು ಅವನು ಮದುವೆಯ ಮಾತಿನಷ್ಟೇ ಗಂಭೀರವಾಗಿ ತೆಗೆದುಕೊಂಡ. ಅವಳಿಗೆ ಅದು ಹಾಗಿರಲಿಲ್ಲ. ಅಲ್ಲಿಂದ ಅವನು ಕುಸಿದ. ಊಟ, ಓದು, ಮೈಮೇಲಿನ ನಿಗಾ ಎಲ್ಲ ತಪ್ಪಿತು. ಸ್ನೇಹಿತನ ಒತ್ತಾಯಕ್ಕೆ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋಗಿ ಲಾರೆನ್ಸ್ ಮೂರ್ ಎಂಬ ಮನಃಶಾಸ್ತ್ರಜ್ಞರನ್ನು ಕಾಣತೊಡಗಿದ.

1969ರ ಆಗಸ್ಟಿನಲ್ಲಿ ಅವನು ಮೂರ್ ಎದುರು ಅವಳನ್ನು ಕೊಲ್ಲುವ ಮಾತಾಡಿದ. ತಾತಿಯಾನಾ ಆಗ ಬ್ರೆಜಿಲ್‌ನಲ್ಲಿದ್ದಳು. ಮೂರ್ ಸುಮ್ಮನೆ ಕೂರಲಿಲ್ಲ ಎಂಬುದನ್ನು ಗಮನಿಸಿ. ಕ್ಯಾಂಪಸ್ ಪೊಲೀಸರಿಗೆ ಮೊದಲು ಬಾಯಿಮಾತಿನಲ್ಲಿ, ಆಮೇಲೆ ಬರವಣಿಗೆಯಲ್ಲಿ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು ವಿಚಾರಿಸಿದರು, ಸರಿಯಾಗಿಯೇ ಮಾತಾಡುತ್ತಿದ್ದಾನಲ್ಲ ಎಂದುಕೊಂಡು, ಅವಳ ತಂಟೆಗೆ ಹೋಗುವುದಿಲ್ಲವೆಂದು ಹೇಳಿಸಿಕೊಂಡು ಬಿಟ್ಟುಕಳಿಸಿದರು. ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಪೊವೆಲ್ಸನ್ ಆ ಪತ್ರವನ್ನು ಪೊಲೀಸರಿಂದ ವಾಪಸು ತರಿಸಿ, ಅದರ ಪ್ರತಿಯನ್ನೂ ಮೂರ್ ಅವರ ಟಿಪ್ಪಣಿಗಳನ್ನೂ ನಾಶ ಮಾಡಲು ಹೇಳಿದರು. ಪೊದ್ದಾರ್ ಚಿಕಿತ್ಸೆಗೆ ಬರುವುದನ್ನು ನಿಲ್ಲಿಸಿದ. ತಾತಿಯಾನಾಗಾಗಲಿ ಅವಳ ಅಪ್ಪ ಅಮ್ಮನಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ 27ರಂದು ಅವನು ಅವಳ ಮನೆಗೆ ಹೋಗಿ ಕೊಂದ.

ತಂದೆತಾಯಿ ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಒಮ್ಮೆ, 1976ರಲ್ಲಿ ಮತ್ತೊಮ್ಮೆ ತೀರ್ಪು ಕೊಟ್ಟಿತು. ಮೊದಲ ಸಲ, ಅಪಾಯದಲ್ಲಿರುವವರನ್ನು ಎಚ್ಚರಿಸುವುದು ಚಿಕಿತ್ಸಕನ ಹೊಣೆ ಎಂದಿತು. ಎರಡನೆಯ ಸಲ ಅದನ್ನು ಹಿಗ್ಗಿಸಿ, ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳುವುದು ಹೊಣೆ ಎಂದಿತು. ಜನರ ಜೀವಕ್ಕೆ ಅಪಾಯ ಶುರುವಾಗುವ ಕಡೆ ಗುಟ್ಟಿನ ಹಕ್ಕು ಮುಗಿಯುತ್ತದೆ ಎಂಬುದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಟೊಬ್ರೈನರ್ ಅವರ ನಿಲುವು. ಆದರೆ ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರ್ಕ್ ಅವರದ್ದನ್ನೂ ಓದಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಗುಟ್ಟು ಉಳಿಯುವುದಿಲ್ಲ ಎಂದು ಗೊತ್ತಾದರೆ ಅಪಾಯಕಾರಿ ಮನಃಸ್ಥಿತಿಯವರು ಚಿಕಿತ್ಸೆಗೇ ಬರುವುದಿಲ್ಲ, ಬಂದವರು ನಿಜ ಹೇಳುವುದಿಲ್ಲ, ಇದರಿಂದ ಅಪಾಯ ಹೆಚ್ಚುತ್ತದೆ ಎಂಬುದು ಅವರ ವಾದ. ಪೊಲೀಸರನ್ನು ಕರೆದ ಮೇಲೆ ಪೊದ್ದಾರ್ ಚಿಕಿತ್ಸೆ ಬಿಟ್ಟ ಎಂಬುದನ್ನು ನೆನೆದರೆ ಆ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಪೊದ್ದಾರ್‌ನ ಕೊನೆಯ ಕಥೆ: ಅವನ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಗಿ, ಭಾರತಕ್ಕೆ ಮರಳಬೇಕೆಂಬ ಒಪ್ಪಂದದ ಮೇಲೆ ಬಿಡುಗಡೆಯಾಯಿತು.

ಈ ಪ್ರಕರಣದಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಮೂರ್ ಯಾರಿಗೆ ಹೇಳಬೇಕಿತ್ತು ಎಂಬುದು. ನನಗೆ ಬೇರೆ ಪ್ರಶ್ನೆ ಮುಖ್ಯ ಅನ್ನಿಸುತ್ತದೆ. ಇಂಥ ಮಾತು ಬಂದರೆ ಹೊರಗೆ ಹೇಳಬೇಕಾಗುತ್ತದೆ ಎಂದು ಮೊದಲ ದಿನವೇ ತಿಳಿದು ಕೂತವನಿಗೆ, ಪೊಲೀಸರು ಬಂದು ಬಾಗಿಲು ತಟ್ಟುವುದು ದ್ರೋಹವಾಗಿ ಕಾಣುತ್ತದೆಯೇ? ಕೋಪ ಬರಬಹುದು. ಆದರೆ ಮೋಸ ಹೋದೆ ಅನ್ನಿಸುವುದಿಲ್ಲ. ಕೋಪ ಬಂದವನು ವಾಪಸು ಬರಬಹುದು, ಮೋಸ ಹೋದೆ ಎಂದುಕೊಂಡವನು ಬರುವುದಿಲ್ಲ.

ನಮ್ಮ ದೇಶದ ಪ್ರಕರಣಕ್ಕೆ ಬರೋಣ. 1998ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ‘ಮಿಸ್ಟರ್ ಎಕ್ಸ್’ ಮತ್ತು ‘ಹಾಸ್ಪಿಟಲ್ ಝಡ್’ ನಡುವಿನ ಮೊಕದ್ದಮೆ. ನಾಗಾಲ್ಯಾಂಡಿನ ವೈದ್ಯರೊಬ್ಬರು ಬಂಧುವಿನ ಶಸ್ತ್ರಚಿಕಿತ್ಸೆಗೆಂದು ರಕ್ತ ಕೊಟ್ಟಾಗ ಅವರಿಗೆ ಎಚ್‌ಐವಿ ಇರುವುದು ಗೊತ್ತಾಯಿತು, ಸುದ್ದಿ ಹೊರಬಿತ್ತು, ಗೊತ್ತಾಗಿದ್ದ ಮದುವೆ ಮುರಿಯಿತು, ಊರು ಬಿಡಬೇಕಾಯಿತು. ಆಸ್ಪತ್ರೆ ಮಾಡಿದ್ದು ತಪ್ಪಲ್ಲ, ಮದುವೆಯಾಗಲಿದ್ದ ಹೆಣ್ಣಿನ ಜೀವ ದೊಡ್ಡದು ಎಂದಿತು ನ್ಯಾಯಾಲಯ. ಅಷ್ಟಕ್ಕೇ ನಿಲ್ಲದೆ ಸೋಂಕಿತರ ಮದುವೆಯ ಹಕ್ಕಿನ ಬಗ್ಗೆಯೂ ಮಾತಾಡಿತು. 2002ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತು ಅನಗತ್ಯವಾಗಿತ್ತೆಂದು ಬದಿಗಿಟ್ಟಿತು. ಒಂದು ಜೀವ ಉಳಿಸಬೇಕು ನಿಜ, ಆದರೆ ಹೇಗೆ ಹೇಳಬೇಕು, ಯಾರು, ಯಾವಾಗ ಎಂಬ ಪ್ರಶ್ನೆಗೆ ಈ ಮೊಕದ್ದಮೆಯಲ್ಲಿ ಉತ್ತರ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಬಹಳ ತಡವಾಗಿ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಲ್ಲಿ. ಅದರ ಒಂಬತ್ತನೆಯ ಕಲಮನ್ನು ನಮ್ಮ ವೃತ್ತಿಯವರು ಬಾಯಿಪಾಠ ಮಾಡಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಟಿಸಿ ಎಂದು ಬರೆದ ಒಂದು ಪುಟ್ಟ ಕೋಣೆ ಇರುತ್ತದೆ. ಅಲ್ಲಿ ಕೂರುವ ಗುತ್ತಿಗೆ ನೌಕರರಾದ ಆಪ್ತ ಸಮಾಲೋಚಕರಿಗೆ ಈ ಕಾಯ್ದೆ ವೈದ್ಯರಿಗೆ ಸರಿಸಮನಾದ ಅಧಿಕಾರ ಕೊಟ್ಟಿದೆ. ಸೋಂಕಿತರ ಸಂಗಾತಿಗೆ ವಿಷಯ ತಿಳಿಸಬಲ್ಲವರು ವೈದ್ಯರು ಅಥವಾ ಸಮಾಲೋಚಕರು ಮಾತ್ರ. ಅದೂ ಹಾಗೇ ಅಲ್ಲ. ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯ ಇದೆ ಎಂದು ನಂಬಲು ಕಾರಣವಿರಬೇಕು. ಮೊದಲು ಸೋಂಕಿತರಿಗೆ, ನೀವೇ ತಿಳಿಸಿ ಎಂದು ಸಮಾಲೋಚನೆ ಮಾಡಿರಬೇಕು. ಅವರು ತಿಳಿಸುವುದಿಲ್ಲ ಎಂಬುದು ಖಚಿತವಾಗಿರಬೇಕು. ‘ಹಾಗಿದ್ದರೆ ನಾನು ತಿಳಿಸುತ್ತೇನೆ’ ಎಂದು ಅವರಿಗೆ ಮುಂಚಿತವಾಗಿ ಹೇಳಿರಬೇಕು. ಆಮೇಲೆ ಸಂಗಾತಿಯನ್ನು ಮುಖತಃ ಕೂರಿಸಿಕೊಂಡು, ಸಮಾಲೋಚನೆ ಮಾಡಿದ ಮೇಲೆಯೇ ತಿಳಿಸಬೇಕು. ಫೋನಿನಲ್ಲಿ, ಚೀಟಿಯಲ್ಲಿ, ಅತ್ತೆಯ ಮೂಲಕ ಹೇಳಿಕಳಿಸುವಂತಿಲ್ಲ. ಇನ್ನೂ ಒಂದು ವಿನಾಯಿತಿ ಇದೆ, ಅದನ್ನು ಬರೆದವರ ಕೈಗೆ ನಮಸ್ಕಾರ: ಸೋಂಕು ಇರುವುದು ಹೆಂಗಸಿಗೆ, ವಿಷಯ ತಿಳಿದರೆ ಗಂಡ ಹೊಡೆಯುತ್ತಾನೆ, ಮನೆಯಿಂದ ಅಟ್ಟುತ್ತಾನೆ ಎಂಬ ಭಯಕ್ಕೆ ಕಾರಣವಿದ್ದರೆ ಅವನಿಗೆ ತಿಳಿಸುವಂತೆಯೇ ಇಲ್ಲ. ಸಮಾಲೋಚಕರ ಕೈಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೀಗೆ ನಡೆಸುವ ಇನ್ನೊಂದು ಕಾನೂನು ನಮ್ಮಲ್ಲಿ ನನಗಂತೂ ಕಂಡಿಲ್ಲ.

ಉಳಿದ ಕಡೆ ಹೀಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕು ಎಂದು ಸಾರಿ, ಅದಕ್ಕೆ ಕೆಲವು ಅಪವಾದಗಳನ್ನು ಕೊಟ್ಟಿದೆ: ಇನ್ನೊಬ್ಬರಿಗೆ ಆಗುವ ಹಾನಿ ತಪ್ಪಿಸಲು, ರೋಗಿಯ ಜೀವ ಉಳಿಸಲು, ಹೈಕೋರ್ಟು ಸುಪ್ರೀಂ ಕೋರ್ಟುಗಳಂಥವು ಆದೇಶಿಸಿದರೆ. ಹಾನಿ ತಪ್ಪಿಸಲು ಹೇಳುವಾಗಲೂ ಅದಕ್ಕೆ ಬೇಕಾದಷ್ಟೇ ಹೇಳಬೇಕು, ಇಡೀ ಫೈಲು ಬಿಚ್ಚಿಡುವಂತಿಲ್ಲ. ಒಳ್ಳೆಯದೇ. ಆದರೆ ಕಟಕಟೆ ಹತ್ತಿಸಿದರೆ ನಮಗೆ ಬೇರೆ ರಕ್ಷಣೆಯೇನೂ ಇಲ್ಲ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ, ಗಂಡಹೆಂಡಿರ ಮಾತಿಗೂ ಇದೆ. ಹಳೆಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸದರಲ್ಲೂ ಇದೆ. ಚಿಕಿತ್ಸಕರಿಗೆ ಹೇಳಿದ ಮಾತಿಗೆ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1996ರಲ್ಲೇ ಫೆಡರಲ್ ನ್ಯಾಯಾಲಯಗಳ ಮಟ್ಟಿಗೆ ಆ ರಕ್ಷಣೆ ಕೊಟ್ಟಿತು, ಮನೋವೈದ್ಯರಿಗಷ್ಟೇ ಅಲ್ಲ, ಚಿಕಿತ್ಸೆ ನಡೆಸುವ ಪರವಾನಗಿ ಇರುವ ಸಮಾಜ ಕಾರ್ಯಕರ್ತರಿಗೂ. ವಿಚ್ಛೇದನದ ಹಾದಿಯಲ್ಲಿರುವ ದಂಪತಿ ನಿಮ್ಮೆದುರು ಕೂತಾಗ ಈ ವ್ಯತ್ಯಾಸ ನೆನಪಿರಲಿ. ನೀವು ಬರೆದಿಟ್ಟುಕೊಂಡ ಟಿಪ್ಪಣಿ ನಾಳೆ ಒಬ್ಬರ ವಕೀಲರ ಕೈಗೆ ಬರಬಹುದು.

ಈಗ ಹೊರಗಿನ ಬೆಂಚಿಗೆ ಬರುತ್ತೇನೆ. ನಮ್ಮಲ್ಲಿ ಕೌನ್ಸೆಲಿಂಗಿಗೆ ಒಬ್ಬರೇ ಬರುವುದು ಅಪರೂಪ. ಒಳಗೆ ಹುಡುಗಿ, ಹೊರಗೆ ಬೆಂಚಿನ ಮೇಲೆ ಅಮ್ಮ, ಅಮ್ಮನ ಪಕ್ಕ ಭಾವ, ಭಾವನ ಕೈಯಲ್ಲಿ ಹಳೆಯ ರಿಪೋರ್ಟುಗಳ ಪ್ಲಾಸ್ಟಿಕ್ ಕವರು. ಫೀಸು ಕೊಡುವವರು ಬೆಂಚಿನವರು, ಮಾತಾಡುವವಳು ಒಳಗಿನವಳು. ಮುಗಿಸಿ ಹುಡುಗಿ ನೀರು ಕುಡಿಯಲು ಆಚೆ ಹೋದಳೋ ಇಲ್ಲವೋ, ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಬರುತ್ತಾರೆ. ದನಿ ತಗ್ಗುತ್ತದೆ.

“ಏನಂದ್ಲು ಮೇಡಂ? ಆ ಹುಡುಗನ ವಿಷಯ ಏನಾದ್ರೂ ಬಾಯಿ ಬಿಟ್ಲಾ?”

“ಅದನ್ನ ಅವಳೇ ನಿಮಗೆ ಹೇಳಬೇಕಮ್ಮ.”

“ಹೆತ್ತವಳಿಗೆ ಹೇಳಬಾರದ್ದು ಅಂತ ಏನಿರತ್ತೆ ಮೇಡಂ? ನಾನೇ ತಾನೆ ಕರ್ಕೊಂಡು ಬಂದಿದ್ದು?”

ಈ ಹೊತ್ತಿನಲ್ಲಿ ನಮ್ಮ ಎಷ್ಟೋ ಸಮಾಲೋಚಕರು ಕರಗುತ್ತಾರೆ. ಅಮ್ಮನ ಕಣ್ಣಲ್ಲಿ ನೀರಿದೆ, ಆಕೆ ಕೆಟ್ಟವಳಲ್ಲ, ಬಸ್ಸು ಬದಲಿಸಿ ಬಂದಿದ್ದಾಳೆ. ‘ಹೆಚ್ಚೇನಿಲ್ಲಮ್ಮ, ಸ್ವಲ್ಪ…’ ಎಂದು ಶುರುವಾದರೆ ಮುಗಿಯಿತು. ಆ ‘ಸ್ವಲ್ಪ’ ಬಸ್ಸಿನಲ್ಲೇ ಹುಡುಗಿಯ ಮೇಲೆ ಪ್ರಶ್ನೆಯಾಗಿ ಬೀಳುತ್ತದೆ. ಮುಂದಿನ ವಾರ ಅವಳು ಬಂದು ಕೂರುತ್ತಾಳೆ, ಹವಾಮಾನದ ಬಗ್ಗೆ ಮಾತಾಡುತ್ತಾಳೆ.

ಹಾಗೆಂದು ಬೆಂಚನ್ನು ಎತ್ತಿ ಆಚೆ ಎಸೆಯಿರಿ ಎನ್ನುವವರ ಗುಂಪಿಗೂ ನಾನು ಸೇರಿದವಳಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಬಯಲಿನಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಮನೆಯವರು ಜೊತೆಗಿದ್ದರೆ ರೋಗಿ ಬೇಗ ಚೇತರಿಸುತ್ತಾರೆ, ಮನೆಯವರ ಭಯವೂ ಕಳೆಯುತ್ತದೆ ಎಂಬುದನ್ನು ಅವರು ಮಾಡಿ ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬವನ್ನು ಕೂರಿಸಿಕೊಂಡು ಮಾಡುವ ಚಿಕಿತ್ಸೆ ಬೇರೂರಿದೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಬರೆದ ಒಂದು ಲೇಖನದಲ್ಲಿ, ಪಾಶ್ಚಾತ್ಯರ ಅಂತರ ಕಾಯುವ ಚಿಕಿತ್ಸಕನ ಬದಲು ಗುರು–ಶಿಷ್ಯ ಸಂಬಂಧವೇ ನಮಗೆ ಮಾದರಿಯಾಗಬಹುದು ಎಂದು ಸೂಚಿಸಿದರು. ಒಬ್ಬರನ್ನು ಆಶ್ರಯಿಸುವುದನ್ನು ನಮ್ಮ ಜನ ಕಾಯಿಲೆ ಎಂದುಕೊಳ್ಳುವುದಿಲ್ಲ ಎಂಬ ಅವರ ಮಾತು ನಿಜ. ಆದರೆ ಗುರು ಅಪ್ಪಣೆ ಕೊಡಬಲ್ಲ, ಸಮಾಲೋಚಕಿ ಕೊಡಬಾರದು. ಗುರುವಿಗೆ ಶಿಷ್ಯನ ಮನೆಯವರೂ ಶಿಷ್ಯರೇ, ನನಗೆ ಹಾಗಲ್ಲ. ನೇಕಿಯವರನ್ನು ಗೌರವಿಸುತ್ತಲೇ ಆ ಮಾದರಿಯನ್ನು ನಾನು ಒಪ್ಪಿಲ್ಲ. ‘ನಮ್ಮ ಸಂಸ್ಕೃತಿಯಲ್ಲಿ ಮನೆಯವರಿಂದ ಮುಚ್ಚಿಡುವುದಿಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಬಹುಪಾಲು ಸಮಾಲೋಚಕರ ಬಾಯಿಂದ, ಅದೂ ಅವರು ಒಂದು ಗುಟ್ಟು ಹೊರಹಾಕಿದ ಮೇಲೆ.

ಬೆಂಚಿನವರಿಗೆ ಗುಟ್ಟು ಬೇಕಾಗಿರುವುದಿಲ್ಲ, ಅವರ ಭಯಕ್ಕೆ ಒಂದು ಕಿವಿ ಬೇಕಾಗಿರುತ್ತದೆ. ಆ ಕಿವಿ ಕೊಡಬಹುದು. “ಅಮ್ಮ, ಅವಳು ಅಂದಿದ್ದು ನಾನು ಹೇಳಲ್ಲ. ನಿಮಗೇನು ಭಯ ಆಗ್ತಿದೆ ಅದನ್ನ ಹೇಳಿ, ಕೇಳಿಸ್ಕೊಳ್ತೀನಿ. ಆದರೆ ನೀವು ಹೇಳಿದ್ದನ್ನ ಅವಳಿಂದ ಮುಚ್ಚಿಡೋದಿಲ್ಲ. ಅವಳು ಒಪ್ಪಿದರೆ ಮುಂದಿನ ವಾರ ಮೂರು ಜನಾನೂ ಕೂತು ಮಾತಾಡೋಣ.” ಇಷ್ಟು ಹೇಳುವುದಕ್ಕೆ ಎರಡು ನಿಮಿಷ ಸಾಕು. ಇದನ್ನೇ ಮೊದಲ ದಿನ, ಅಮ್ಮ ಮಗಳು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿದ್ದರೆ ಅಮ್ಮ ದನಿ ತಗ್ಗಿಸಿ ಒಳಬರುವ ಸಂದರ್ಭವೇ ಬರುತ್ತಿರಲಿಲ್ಲ.

ಗುಟ್ಟು ಹೊರಬಿದ್ದರೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ತ್ರಿವೇಣಿಯವರ ‘ಶರಪಂಜರ’ ಓದಿದವರಿಗೆ, ಪುಟ್ಟಣ್ಣ ಕಣಗಾಲರ ಚಿತ್ರ ನೋಡಿದವರಿಗೆ ಕಾವೇರಿ ಗೊತ್ತು. ಆಸ್ಪತ್ರೆ ತನ್ನ ಕೆಲಸವನ್ನು ಸರಿಯಾಗಿ ಮಾಡಿತ್ತು. ಕಾವೇರಿಗೆ ವಾಸಿಯಾಗಿತ್ತು. ಅವಳು ಎಲ್ಲಿಗೆ ಹೋಗಿಬಂದಳು ಎಂಬ ಸುದ್ದಿ ಮಾತ್ರ ವಾಸಿಯಾಗಲಿಲ್ಲ. ಇವತ್ತು ಕಾಲ ಬದಲಾಗಿದೆ ಎನ್ನುವವರು, ಹೆಣ್ಣು ನೋಡಲು ಬಂದ ಕಡೆ ‘ಹುಡುಗಿ ಕೌನ್ಸೆಲಿಂಗಿಗೆ ಹೋಗ್ತಿದ್ದಳಂತೆ’ ಎಂದು ಒಮ್ಮೆ ಹೇಳಿ ನೋಡಲಿ.

ಮನೆಯವರು ಕರೆತರುವಾಗ ಒಂದು ಬೇಡಿಕೆಯನ್ನೂ ತಂದಿರುತ್ತಾರೆ. ಮಾರ್ಕ್ಸ್ ಬರುವ ಹಾಗೆ ಮಾಡಿ, ಆ ಹುಡುಗನನ್ನು ಮರೆಯುವ ಹಾಗೆ ಮಾಡಿ, ಹುಡುಗ ಹುಡುಗನನ್ನು ಇಷ್ಟಪಡುತ್ತಾನಂತೆ, ಸರಿಮಾಡಿ. ಕೊನೆಯದಕ್ಕೆ ಉತ್ತರ ಈಗ ಸ್ಪಷ್ಟ. 2021ರ ಜೂನಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಕೊಟ್ಟ ಆದೇಶದ ಹಿನ್ನೆಲೆಯಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ‘ಸರಿಮಾಡುವ’ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಆ ನ್ಯಾಯಮೂರ್ತಿಗಳು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದು ಎಂದು ಒಪ್ಪಿಕೊಂಡು, ತೀರ್ಪಿಗೆ ಮುಂಚೆ ತಾವೇ ಒಬ್ಬ ಮನಃಶಾಸ್ತ್ರಜ್ಞೆಯ ಎದುರು ಕೂತು ಮಾತಾಡಿ ಬಂದರು. ಅದನ್ನು ಆದೇಶದಲ್ಲೂ ಬರೆದರು. ಎಷ್ಟು ಸಮಾಲೋಚಕರು ಇನ್ನೊಬ್ಬ ಸಮಾಲೋಚಕರ ಎದುರು ಹಾಗೆ ಕೂತಿದ್ದೇವೆ?

ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ. ದ್ವಿತೀಯ ಪಿಯುಸಿಯ ಹುಡುಗಿ, ಹದಿನೇಳು ದಾಟಿದೆ, ಹದಿನೆಂಟು ತುಂಬಿಲ್ಲ. ಓದಿನ ಮೇಲೆ ಗಮನವಿಲ್ಲ ಎಂದು ಲೆಕ್ಚರರು ಕಳಿಸಿದ್ದಾರೆ. ‘ಯಾರಿಗೂ ಹೇಳಲ್ಲ, ಹೇಳು’ ಎಂದಿದ್ದೀರಿ. ಅವಳು ಹೇಳುತ್ತಾಳೆ: ಡಿಪ್ಲೊಮಾ ಓದುವ ಹುಡುಗನ ಪ್ರೀತಿ, ಎಲ್ಲೆ ದಾಟಿದೆ, ಬಲವಂತ ಏನೂ ಇಲ್ಲ. ಆ ಗಳಿಗೆಯಿಂದ ನೀವು 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಡಿ ಪೊಲೀಸರಿಗೆ ಮಾಹಿತಿ ಕೊಡಬೇಕಾದವರು. ಕೊಡದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಾನೂನಿನ ಕಣ್ಣಿಗೆ ಅವಳ ಒಪ್ಪಿಗೆ 18ರವರೆಗೆ ಲೆಕ್ಕಕ್ಕಿಲ್ಲ. ಹೇಳಿದರೆ ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೋ ಬಾಗಿಲು ಮುಚ್ಚಿದ ಮನೆಗೋ. ಹೇಳದಿದ್ದರೆ ನೀವು ಅಪರಾಧಿ.

ಈ ಕಾನೂನು ಬೇಕಿಲ್ಲ ಎಂದು ನಾನು ಹೇಳುವುದಿಲ್ಲ. ಮನೆಯೊಳಗೇ ನಡೆದು ಮನೆಯೊಳಗೇ ಮುಚ್ಚಿಹೋಗುತ್ತಿದ್ದ ಎಷ್ಟೋ ದೌರ್ಜನ್ಯಗಳನ್ನು ಇದೇ ಕಲಮು ಹೊರಗೆಳೆದಿದೆ. ಆದರೆ ಹದಿನಾರು ದಾಟಿದವರ ಪ್ರೀತಿಯನ್ನೂ ಅದೇ ತಕ್ಕಡಿಗೆ ಹಾಕುವುದು ಸರಿಯೇ? 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿ, ವಯೋಮಿತಿಯನ್ನು ಮರುಚಿಂತಿಸುವಂತೆ ಕಾನೂನು ಆಯೋಗವನ್ನು ಕೇಳಿತು. ಆಯೋಗ 2023ರ ಸೆಪ್ಟೆಂಬರಿನಲ್ಲಿ ವಯಸ್ಸು 18ಕ್ಕಿಂತ ಇಳಿಯಬಾರದು, ಆದರೆ 16ರಿಂದ 18ರ ನಡುವಿನವರ ಒಪ್ಪಿತ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ವಿಷಯದಲ್ಲಿ, ಅವಳೂ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಹೆಸರು ಕೊಡಬೇಕಿಲ್ಲ ಎಂದು 2022ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಅದು ವೈದ್ಯರಿಗೆ ಸಿಕ್ಕ ಆಸರೆ. ಸಮಾಲೋಚಕರ ಪ್ರಸ್ತಾಪ ಅಲ್ಲಿಲ್ಲ.

‘ಕಂಡೂ ಕಾಣದ ಹಾಗೆ ಇದ್ದುಬಿಡಿ’ ಎಂದು ಅನುಭವಸ್ಥರು ಕಿವಿಯಲ್ಲಿ ಹೇಳುತ್ತಾರೆ. ನಾನು ಹೇಳುವುದಿಲ್ಲ. ಇನ್ನೊಂದು ದಾರಿ ಇದೆ, ಅದು ಮೊದಲ ಐದು ನಿಮಿಷದಲ್ಲಿದೆ. ಮಾತು ಹೀಗಿರಲಿ:

“ನೋಡಮ್ಮ, ನೀನು ಇಲ್ಲಿ ಹೇಳಿದ್ದನ್ನ ಮನೆಯವರಿಗಾಗಲಿ ಲೆಕ್ಚರರಿಗಾಗಲಿ ನಾನಾಗಿ ಹೇಳಲ್ಲ. ಆದರೆ ಕೆಲವು ವಿಷಯದಲ್ಲಿ ನಾನು ಸುಮ್ಮನಿರೋ ಹಾಗಿಲ್ಲ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ. ಹದಿನೆಂಟು ತುಂಬದೆ ಇರೋರ ಮೈ ಮುಟ್ಟಿದ ವಿಷಯ ಬಂದರೆ, ಇಷ್ಟ ಇದ್ದರೂ ಇಲ್ಲದಿದ್ದರೂ, ಕಾನೂನು ನನ್ನನ್ನ ಪೊಲೀಸರಿಗೆ ಹೇಳು ಅನ್ನತ್ತೆ. ಕೋರ್ಟು ಕೇಳಿದರೂ ಹೇಳಬೇಕಾಗತ್ತೆ. ಹಾಗೇನಾದ್ರೂ ಬಂದರೆ ಮೊದಲು ನಿನಗೆ ತಿಳಿಸ್ತೀನಿ. ಇದನ್ನ ಕೇಳಿಸ್ಕೊಂಡು, ಏನು ಹೇಳಬೇಕು ಅನ್ನೋದನ್ನ ನೀನೇ ಯೋಚನೆ ಮಾಡು.”

ಹೀಗೆಂದರೆ ಹುಡುಗರು ಹೆದರಿ ಬಾಯಿ ಬಿಡುವುದಿಲ್ಲ ಎಂದು ವಿದ್ಯಾರ್ಥಿಗಳು ಪ್ರತಿ ಸಲವೂ ತಕರಾರು ತೆಗೆಯುತ್ತಾರೆ. ಕೆಲವರು ಬಿಡುವುದಿಲ್ಲ, ನಿಜ. ಅದು ಅವರ ಹಕ್ಕು. ಇನ್ನು ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ನನ್ನ ಫ್ರೆಂಡ್ ಒಬ್ಬಳಿದ್ದಾಳೆ ಮೇಡಂ’ ಎಂದು ಶುರು ಮಾಡುತ್ತಾರೆ. ಆ ಫ್ರೆಂಡಿನ ಹೆಸರು ಕೇಳಬೇಡಿ. ಫ್ರೆಂಡಿಗೆ ಏನು ಹೇಳಬೇಕೋ ಹೇಳಿ: ವೈದ್ಯರು ಎಲ್ಲಿ ಸಿಗುತ್ತಾರೆ, ಯಾರನ್ನು ನಂಬಬಹುದು, ಕಾನೂನು ಏನನ್ನುತ್ತದೆ, ಹುಡುಗ ಹೆದರಿಸಿದರೆ ಏನು ಮಾಡಬೇಕು. ಎಲ್ಲೆ ಗೊತ್ತಿರುವ ಹುಡುಗಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತಾಳೆ. ಎಲ್ಲೆ ಗೊತ್ತಿಲ್ಲದೆ ಹೇಳಿಕೊಂಡವಳಿಗೆ ದಾರಿ ಉಳಿಯುವುದಿಲ್ಲ.

ಇನ್ನು ಸಣ್ಣ ಸಂಗತಿಗಳು. ಶಾಲೆ ಕಾಲೇಜುಗಳಲ್ಲಿ ಕೌನ್ಸೆಲಿಂಗ್ ರಿಜಿಸ್ಟರ್ ಎಂದು ಒಂದು ಉದ್ದನೆಯ ಪುಸ್ತಕ ಇಟ್ಟಿರುತ್ತಾರೆ. ಅಂಕಣಗಳು: ಕ್ರಮಸಂಖ್ಯೆ, ಹೆಸರು, ತರಗತಿ, ಸಮಸ್ಯೆ, ಪರಿಹಾರ, ವಿದ್ಯಾರ್ಥಿಯ ಸಹಿ. ಹನ್ನೆರಡನೆಯ ಸಾಲಿಗೆ ಸಹಿ ಹಾಕುವ ಹುಡುಗ ಮೇಲಿನ ಹನ್ನೊಂದು ಸಾಲು ಓದಿಕೊಂಡೇ ಪೆನ್ನು ಕೆಳಗಿಡುತ್ತಾನೆ. ತಪಾಸಣೆಗೆ ಬಂದವರಿಗೆ ಅಚ್ಚುಕಟ್ಟಾದ ದಾಖಲೆ ಬೇಕು, ಸರಿ. ಕ್ರಮಸಂಖ್ಯೆ ಮತ್ತು ದಿನಾಂಕ ಸಾಕು. ಮೊಬೈಲಿನದೂ ಇದೇ ಗತಿ. ‘ನಾಳೆ 11ಕ್ಕೆ ನಿಮ್ಮ ಕೌನ್ಸೆಲಿಂಗ್ ಇದೆ’ ಎಂಬ ಸಂದೇಶ ಮನೆಯಲ್ಲಿ ಇರುವ ಒಂದೇ ಫೋನಿಗೆ, ಅಂದರೆ ಅಪ್ಪನ ಜೇಬಿಗೆ ಹೋಗುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಯಾರಾದರೂ ಕರೆ ಮಾಡಿದಾಗ, ‘ಈಗ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ’ ಎಂದು ಕೇಳದೆ ಮಾತು ಮುಂದುವರಿಸಬಾರದು.

ಮದುವೆಮನೆಯ ವಿಷಯ. ಸಣ್ಣ ಊರಿನಲ್ಲಿ ನಮ್ಮ ಬಳಿ ಬಂದವರು ಪಂಕ್ತಿಯಲ್ಲಿ ಎದುರೇ ಕೂತಿರುತ್ತಾರೆ. ಅವರಾಗಿ ಮಾತಾಡಿಸಿದರೆ ಮಾತಾಡಿಸಿ, ಇಲ್ಲದಿದ್ದರೆ ಪರಿಚಯವೇ ಇಲ್ಲದವರ ಹಾಗೆ ಪಾಯಸ ಬಡಿಸಿಕೊಳ್ಳಿ. ಈ ನಿಯಮವನ್ನೂ ಮೊದಲ ದಿನವೇ ಹೇಳಿಬಿಡಬೇಕು, ಇಲ್ಲವಾದರೆ ‘ಮೇಡಂ ನನ್ನ ಕಂಡೂ ಮುಖ ತಿರುಗಿಸಿದರು’ ಎಂಬ ಇನ್ನೊಂದು ನೋವನ್ನು ನಾವೇ ಕೊಟ್ಟಂತಾಗುತ್ತದೆ.

ದಾಖಲೆಯ ಆಯುಸ್ಸು ಮನುಷ್ಯರ ಆಯುಸ್ಸಿಗಿಂತ ದೊಡ್ಡದು. ಅಮೆರಿಕದ ಕವಯಿತ್ರಿ ಆನ್ ಸೆಕ್ಸ್‌ಟನ್ 1974ರಲ್ಲಿ ತೀರಿಕೊಂಡರು. ಅವರ ಮನೋವೈದ್ಯ ಮಾರ್ಟಿನ್ ಆರ್ನ್ ಚಿಕಿತ್ಸೆಯ ಮಾತುಕತೆಯನ್ನು ಧ್ವನಿಮುದ್ರಿಸಿಟ್ಟಿದ್ದರು, ಮುನ್ನೂರಕ್ಕೂ ಹೆಚ್ಚು ಗಂಟೆ. ಅದನ್ನು ಜೀವನಚರಿತ್ರೆ ಬರೆಯುತ್ತಿದ್ದ ಡಯಾನ್ ಮಿಡಲ್‌ಬ್ರೂಕ್ ಅವರಿಗೆ ಕೊಟ್ಟರು. ಕವಯಿತ್ರಿಯ ಮಗಳ ಒಪ್ಪಿಗೆಯೂ ಇತ್ತು. ಪುಸ್ತಕ 1991ರಲ್ಲಿ ಬಂದಾಗ ವೃತ್ತಿಯವರು ಎರಡು ಪಾಳಯವಾದರು. ಸತ್ತವರ ಪರವಾಗಿ ಮಗಳು ಒಪ್ಪಬಹುದೇ? ಮಗಳ ಬಗ್ಗೆಯೇ ಅಮ್ಮ ಆ ಕೋಣೆಯಲ್ಲಿ ಮಾತಾಡಿರುವಾಗ? ನನ್ನ ಉತ್ತರ, ಒಪ್ಪಲಾಗದು ಎಂದೇ. ನನ್ನ ಸ್ನೇಹಿತರಲ್ಲಿ ಸಾಹಿತ್ಯದವರೆಲ್ಲ ಈ ವಿಷಯದಲ್ಲಿ ನನ್ನ ಜೊತೆ ಜಗಳವಾಡುತ್ತಾರೆ.

ಕೊನೆಯದಾಗಿ ಇಲ್ಲಿರುವ ಪ್ರಾಂಶುಪಾಲರಿಗೆ ಒಂದು ಮಾತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಮಾರ್ಗಸೂಚಿಯಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತ ಸಮಾಲೋಚಕರೊಬ್ಬರಾದರೂ ಇರಬೇಕು. ಅರ್ಹರು ಯಾರು ಎಂಬಲ್ಲಿ ನಮ್ಮ ಮನೆ ಇನ್ನೂ ಅಸ್ತವ್ಯಸ್ತವಾಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 2021ರ ಕಾಯ್ದೆಯೊಂದು ಇತರ ಮನಃಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆದರೂ ವಾರಾಂತ್ಯದ ಸರ್ಟಿಫಿಕೇಟು ಹಿಡಿದು ಬೋರ್ಡು ಹಾಕಿಕೊಂಡವರನ್ನು ನೀವೂ ನೋಡಿದ್ದೀರಿ. ನೇಮಕ ಮಾಡುವಾಗ ಸರ್ಟಿಫಿಕೇಟಿನ ಜೊತೆಗೆ ಒಂದು ಪ್ರಶ್ನೆ ಕೇಳಿ: ‘ಮಗು ನಿಮ್ಮೆದುರು ಕೂತಾಗ ಮೊದಲ ಐದು ನಿಮಿಷ ಏನು ಹೇಳುತ್ತೀರಿ?’ ಆಮೇಲೆ ನೀವು ಮಾಡಬೇಕಾದ್ದು: ಶಿಸ್ತು ಸಮಿತಿಯವರನ್ನೇ ಸಮಾಲೋಚಕರನ್ನಾಗಿ ಮಾಡಬೇಡಿ. ಸ್ಟಾಫ್ ರೂಮಿನ ಮೂಲೆಗೆ ಒಂದು ಪರದೆ ಎಳೆದು ಅದನ್ನೇ ಕೋಣೆ ಎನ್ನಬೇಡಿ. ಬೀರುವಿನ ಬೀಗದ ಕೈ ಒಂದೇ ಇರಲಿ, ಅದು ನಿಮ್ಮ ಬಳಿ ಇರುವುದು ಬೇಡ. ತಿಂಗಳ ವರದಿಯಲ್ಲಿ ಎಷ್ಟು ಮಂದಿ ಬಂದರು ಎಂಬುದು ನಿಮಗೆ ಸಿಗುತ್ತದೆ. ಯಾರು ಎಂದು ಕೇಳಬೇಡಿ.

ನನಗೆ ಕೊಟ್ಟ ಸಮಯ ಮುಗಿದಿದೆ. ಪ್ರಶ್ನೆಗಳಿದ್ದರೆ ಉತ್ತರಿಸುತ್ತೇನೆ. ಮನೆಯವರಿಗೆ ಸಂಬಂಧಪಟ್ಟದ್ದಾದರೆ ದಯವಿಟ್ಟು ಈ ಮೈಕಿನಲ್ಲಿ ಕೇಳಬೇಡಿ.